ಹಿತ್ತಲ ಹಕ್ಕಿಗೂ ಒಂದು ಚರಿತ್ರೆ

ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಇದೆ. ಅಪ್ಪ ತಮ್ಮ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ತೆಗೆದದ್ದು. ಬೆಂಗಳೂರಿನ ಬಸವನಗುಡಿಯಲ್ಲಿದ್ದ ನಮ್ಮ ಹಂಚಿನ ಮನೆಯ ಹಿತ್ತಲು. ಕಲ್ಲು ಚಪ್ಪಡಿಯ ಮೇಲೆ ಕೂತು ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾರೆ. ಪಕ್ಕದಲ್ಲಿ ಐದು ವರ್ಷದ ನಾನು ಕಬ್ಬಿನ ತುಂಡು ಹಿಡಿದು ನಿಂತಿದ್ದೇನೆ. ಫೋಟೋದ ಹಿಂಬದಿಯಲ್ಲಿ ಅಪ್ಪನ ಅಕ್ಷರದಲ್ಲಿ ‘14-1-1985, ಸಂಕ್ರಾಂತಿ, ಬೆಳಿಗ್ಗೆ’ ಎಂದಿದೆ.

ಇದು ಅಜ್ಜಿಯ ಫೋಟೋ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದ ಅಂಗವಾಗಿ ನಾವೊಂದು ಮಾತುಕತೆ ಕಾರ್ಯಕ್ರಮ ಮಾಡಿದೆವು. ತೆರೆಯ ಮೇಲೆ ತೋರಿಸಲು ಹಳೆಯ ಚಿತ್ರಗಳು ಬೇಕಾಗಿದ್ದವು. ಈ ಫೋಟೋವಿನ ನೆಗೆಟಿವ್ ಹುಡುಕಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿದರೆ, ಅಜ್ಜಿಯ ಮೊರದಾಚೆ ನೆಲದ ಮೇಲೆ ಗುಬ್ಬಚ್ಚಿಗಳು! ಎಣಿಸಿದೆ. ಹನ್ನೊಂದು. ಅಪ್ಪ ಅವುಗಳನ್ನು ತೆಗೆಯಬೇಕೆಂದು ತೆಗೆದವರಲ್ಲ. ಆಗ ಹಿತ್ತಲಿನಲ್ಲಿ ಗುಬ್ಬಚ್ಚಿ ಇರುವುದೆಂದರೆ ಬಾವಿಕಟ್ಟೆ ಇದ್ದ ಹಾಗೆ, ಬಟ್ಟೆ ಒಣಗುವ ತಂತಿ ಇದ್ದ ಹಾಗೆ. ಯಾರೂ ಅದನ್ನು ಬೇರೆಯಾಗಿ ನೋಡುತ್ತಿರಲಿಲ್ಲ.

ಅಂದಿನ ಕಾರ್ಯಕ್ರಮದಲ್ಲಿ ಭಾಗವಹಿಸಿದ್ದ ಹಿರಿಯರೆಲ್ಲ ಒಂದೇ ಮಾತು ಹೇಳಿದರು: ನಮ್ಮ ಕಾಲದಲ್ಲಿ ಗುಬ್ಬಚ್ಚಿಗಳು ಎಷ್ಟೊಂದು ಇದ್ದವು, ಈಗ ಒಂದೂ ಇಲ್ಲ. ಆಗ ಪ್ರೇಕ್ಷಕರ ಸಾಲಿನಲ್ಲಿದ್ದ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ಎದ್ದು, “ಎಷ್ಟೊಂದು ಅಂದರೆ ಎಷ್ಟು ಸಾರ್?” ಎಂದು ಕೇಳಿದಳು. ಒಂದು ಕ್ಷಣ ಸ್ಟುಡಿಯೋ ನಿಶ್ಶಬ್ದವಾಯಿತು. ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ನನ್ನ ಬಳಿಯೂ ಉತ್ತರವಿರಲಿಲ್ಲ. ನಲವತ್ತು ವರ್ಷಗಳ ಹಿಂದೆ ನಮ್ಮ ಹಿತ್ತಲುಗಳಲ್ಲಿ ಎಷ್ಟು ಗುಬ್ಬಚ್ಚಿಗಳಿದ್ದವೆಂದು ಯಾರೂ ಎಣಿಸಿರಲಿಲ್ಲ, ಎಣಿಸಿದ್ದರೂ ಬರೆದಿಟ್ಟಿರಲಿಲ್ಲ. ನನ್ನ ಬಳಿ ಇದ್ದ ಒಂದೇ ಒಂದು ಅಂಕಿ ಅಜ್ಜಿಯ ಮೊರದಾಚೆಯ ಹನ್ನೊಂದು. ಅದೂ ಆಕಸ್ಮಿಕವಾಗಿ ಸಿಕ್ಕಿದ್ದು, ಅದೂ ಅಪ್ಪ ತಾರೀಖು ಬರೆದಿಟ್ಟಿದ್ದರಿಂದ.

ಹಾಗಾದರೆ ಮನೆಯಂಗಳದ ಹಕ್ಕಿಯನ್ನು ಕೂತು ನೋಡಿ, ಬರೆದು, ಚಿತ್ರ ತೆಗೆದಿಟ್ಟವರು ಯಾರೂ ಇಲ್ಲವೇ? ಇದ್ದಾರೆ. ಅವರ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹಿತ್ತಲ ಹಕ್ಕಿಗೂ ಸಲ್ಲುತ್ತದೆ. ಹಕ್ಕಿ ನೋಡುವುದೆಂದರೆ ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೋಗಬೇಕು, ಹೆಗಲಲ್ಲಿ ಮೊಳದುದ್ದದ ಲೆನ್ಸ್ ಇರಬೇಕು ಎಂದು ನಿಮ್ಮಲ್ಲಿ ಅನೇಕರು ತಿಳಿದಿರಬಹುದು. ಹಕ್ಕಿಗಳ ನಡವಳಿಕೆಯ ಬಗ್ಗೆ ನಮಗೆ ಇಂದು ಗೊತ್ತಿರುವ ಎಷ್ಟೋ ಮುಖ್ಯ ಸಂಗತಿಗಳು ಮನೆಯ ಸುತ್ತಮುತ್ತ ನೋಡಿದವರಿಂದಲೇ ಬಂದವು.

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತದ ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ (1720–1793) ಅವರಿಂದ ಆರಂಭಿಸೋಣ. 1751ರಿಂದಲೇ ಅವರು ತಮ್ಮ ಕೈತೋಟದ ದಿನಚರಿ ಬರೆಯುತ್ತಿದ್ದರು. ಯಾವಾಗ ಯಾವ ಬೀಜ ಬಿತ್ತಿದ್ದು, ಯಾವಾಗ ಮಳೆ ಬಂದದ್ದು ಎಂಬಂಥ ವಿವರಗಳಿಂದ ಮೊದಲಾದ ಆ ಬರವಣಿಗೆ ಕ್ರಮೇಣ ಹಕ್ಕಿಗಳ ಕಡೆಗೂ ಹೊರಳಿತು. ನೋಡಲು ಒಂದೇ ತೆರನಾಗಿ ಕಾಣುವ, ಹಸಿರು ಛಾಯೆಯ ಪುಟ್ಟ ಉಲಿಯಕ್ಕಿಗಳಲ್ಲಿ ಮೂರು ಬೇರೆ ಬೇರೆ ಜಾತಿಗಳಿವೆ ಎಂಬುದನ್ನು ಅವರು ಕಂಡುಕೊಂಡರು. ಅದಕ್ಕೆ ಆಧಾರವಾದದ್ದು ಮುಖ್ಯವಾಗಿ ಅವುಗಳ ಹಾಡು. ಅವರ ಪುಸ್ತಕ 1789ರಲ್ಲಿ ಪ್ರಕಟವಾಯಿತು. ದಿನವೂ ಅದೇ ಜಾಗದಲ್ಲಿ ಅದೇ ಹಕ್ಕಿಯನ್ನು ಕೇಳುವವನಿಗೆ ಮಾತ್ರ ತಿಳಿಯಬಹುದಾದ ಸಂಗತಿ ಇದು.

ಆದರೆ ಮುಂದಿನ ನೂರು ವರ್ಷ ಪಕ್ಷಿವಿಜ್ಞಾನ ನಡೆದ ದಾರಿ ಬೇರೆ. ಅದು ಕೋವಿಯ ದಾರಿ. ಹಕ್ಕಿಯನ್ನು ಹೊಡೆಯುವುದು, ಚರ್ಮ ಸುಲಿದು ಹತ್ತಿ ತುಂಬುವುದು, ಕಾಲಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವುದು. ನಮ್ಮ ದೇಶದಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ದೊಡ್ಡ ಪ್ರಮಾಣದಲ್ಲಿ ಮಾಡಿದವರು ಎ.ಒ. ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಅದೇ ಹ್ಯೂಮ್. ಶಿಮ್ಲಾದ ಅವರ ಬಂಗಲೆಯೇ ಒಂದು ಮ್ಯೂಸಿಯಂ ಆಗಿತ್ತು. ಅದೇ 1885ರಲ್ಲಿ ಅವರು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಸಂಗ್ರಹದಲ್ಲಿ ಸುಮಾರು 82,000 ಮಾದರಿಗಳಿದ್ದವು. ಅದಕ್ಕೆ ಮೊದಲು ಒಂದು ದುರಂತ ನಡೆದಿತ್ತು. ಅವರು ಊರಲ್ಲಿಲ್ಲದಾಗ ಮನೆಯ ಆಳೊಬ್ಬ, ಅವರು ವರ್ಷಗಟ್ಟಲೆ ಬರೆದಿಟ್ಟಿದ್ದ ಹಸ್ತಪ್ರತಿಯನ್ನು ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟ. ಹ್ಯೂಮ್ ಆಮೇಲೆ ಹಕ್ಕಿಗಳ ತಂಟೆಗೇ ಹೋಗಲಿಲ್ಲ.

ಈ ಸಂಗ್ರಹಗಳನ್ನು ಹೀಗಳೆಯುವುದು ಸುಲಭ, ಹಾಗೆ ಮಾಡಬಾರದು. ಜಾತಿಗಳನ್ನು ಗುರುತಿಸಲು ಅವು ಇಂದಿಗೂ ಬೇಕು. ಮ್ಯೂಸಿಯಮ್ಮಿನವರು ಹೇಳುವ ಒಂದು ಮಾತನ್ನಂತೂ ನೀವು ನೆನಪಿಡಬೇಕು: ಎಲ್ಲಿ, ಯಾವಾಗ ಎಂದು ಚೀಟಿ ಇಲ್ಲದ ಮಾದರಿಗೆ ಬೆಲೆಯಿಲ್ಲ. ಆದರೆ ಪೆಟ್ಟಿಗೆಯಲ್ಲಿರುವ ಹಕ್ಕಿ ಹಾಡುವುದಿಲ್ಲ, ಜಗಳವಾಡುವುದಿಲ್ಲ, ಮರುವರ್ಷ ಹಿಂದಿರುಗಿ ಬರುವುದಿಲ್ಲ. ಅದರ ಬದುಕು ಅಲ್ಲಿಗೆ ಮುಗಿಯಿತು.

ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯಲ್ಲಿ ನೋಡಿದವರೂ ಇದ್ದರು. ‘ಈಹಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇ.ಎಚ್. ಏಟ್‌ಕೆನ್ (1851–1909) ಮುಂಬಯಿ ಪ್ರಾಂತದ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಸತಾರಾದಲ್ಲಿ ಹುಟ್ಟಿದವರು. ನಮ್ಮ ಕಾರವಾರದಲ್ಲಿಯೂ ಕೆಲಸ ಮಾಡಿದರು. ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಬಂದ ಹಳೆಯ ಮುಖ್ಯ ಲೇಖನಮಾಲೆಗೆ ಇವರೂ ಒಬ್ಬ ಕರ್ತೃ. ಬಂಗಲೆಯ ಜಗಲಿಯಲ್ಲಿ ಕೂತರೆ ಕಣ್ಣಿಗೆ ಬೀಳುವ ಕಾಗೆ, ಇಲಿ, ಇರುವೆ, ಗುಬ್ಬಚ್ಚಿಗಳ ಬಗ್ಗೆ ನಗುನಗುತ್ತಾ ಬರೆದ ಅವರ ಪುಸ್ತಕ 1883ರಲ್ಲಿ ಬಂತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದೂ ಅದೇ ವರ್ಷ. ಅದನ್ನು ಕಟ್ಟಿದ ಎಂಟು ಮಂದಿಯಲ್ಲಿ ಇವರೊಬ್ಬರು. 1900ರಲ್ಲಿ ಮುಂಬಯಿಯ ಸಾಮಾನ್ಯ ಹಕ್ಕಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಶೀರ್ಷಿಕೆಯಲ್ಲಿ ‘ಸಾಮಾನ್ಯ’ ಎಂಬ ಪದ ಹಾಕಲು ಆ ಕಾಲದಲ್ಲಿ ಧೈರ್ಯ ಬೇಕಾಗಿತ್ತು ಎಂದು ನನಗನ್ನಿಸುತ್ತದೆ.

ಇನ್ನು ಕ್ಯಾಮೆರಾದ ಮಾತು. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ನಾನು ಬಿ.ಎಸ್‌ಸಿ. ಓದಿದವನು, ಲೆಕ್ಕ ಬಿಡಲಾರೆ. ಗುಬ್ಬಚ್ಚಿಯ ಉದ್ದ ಸುಮಾರು 15 ಸೆಂಟಿಮೀಟರ್. ಅದು ನಿಮ್ಮಿಂದ 5 ಮೀಟರ್ ದೂರದಲ್ಲಿ ಕೂತಿದೆ. ನಿಮ್ಮ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ನಾಭಿದೂರದ ಸಾಮಾನ್ಯ ಲೆನ್ಸ್ ಇದೆ. ಫಿಲ್ಮಿನ ಮೇಲೆ ಬೀಳುವ ಗುಬ್ಬಚ್ಚಿಯ ಬಿಂಬ ಎಷ್ಟು ದೊಡ್ಡದು? 5 ಮೀಟರ್ ಎಂದರೆ 50 ಮಿಲಿಮೀಟರಿನ ನೂರರಷ್ಟು. ಆದ್ದರಿಂದ ಬಿಂಬವೂ ಹಕ್ಕಿಯ ನೂರನೇ ಒಂದು ಭಾಗ, ಒಂದೂವರೆ ಮಿಲಿಮೀಟರ್. ಸಾಸಿವೆ ಕಾಳಿನಷ್ಟು! ಅದೇ ಜಾಗದಿಂದ 400 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದರೆ ಬಿಂಬ 12 ಮಿಲಿಮೀಟರ್ ಆಗುತ್ತದೆ. ಅಂಥ ಲೆನ್ಸ್ ಇಲ್ಲದಿದ್ದರೆ ಹಕ್ಕಿಗೆ ಎರಡು ಅಡಿಗಳಷ್ಟು ಹತ್ತಿರ ಹೋಗಬೇಕು. ಯಾವ ಗುಬ್ಬಚ್ಚಿ ನಿಮ್ಮನ್ನು ಅಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ?

ಹಳೆಯ ಛಾಯಾಗ್ರಾಹಕರ ಚರಿತ್ರೆಯೆಲ್ಲ ಈ ಒಂದು ಲೆಕ್ಕದೊಳಗೇ ಇದೆ. ಆಗಿನ ಗಾಜಿನ ಪ್ಲೇಟುಗಳು ಮಂದ. ಬೆಳಕು ಸಾಕಷ್ಟು ಬೇಕು, ಹಕ್ಕಿ ಅಲುಗಾಡಬಾರದು. ಹಕ್ಕಿ ಖಂಡಿತವಾಗಿ ಬರುವ ಜಾಗ ಮೊದಲೇ ಗೊತ್ತಿರಬೇಕು, ಅಲ್ಲಿಯೇ ಕ್ಯಾಮೆರಾ ಹೂಡಿ ಮರೆಯಲ್ಲಿ ಕಾಯಬೇಕು. ಅಂಥ ಜಾಗ ಒಂದೇ. ಅದು ಗೂಡು. ಹೀಗಾಗಿ ಹಕ್ಕಿ ಛಾಯಾಗ್ರಹಣ ಹುಟ್ಟಿದ್ದೇ ಗೂಡಿನ ಛಾಯಾಗ್ರಹಣವಾಗಿ.

ಇಂಗ್ಲೆಂಡಿನ ಯಾರ್ಕ್‌ಶೈರಿನ ರೈತಮಕ್ಕಳಾದ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಸಹೋದರರು ಇದರ ಆದ್ಯರು. 1892ರಲ್ಲಿ ತಮ್ಮ ಚೆರಿ, ಮೊಟ್ಟೆಗಳಿದ್ದ ಒಂದು ಗೂಡಿನ ಚಿತ್ರ ತೆಗೆದ. ಅದನ್ನು ನೋಡಿದ ಅಣ್ಣನಿಗೆ ಪುಸ್ತಕದ ಯೋಚನೆ ಬಂತು. 1895ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಹಕ್ಕಿಗೂಡುಗಳ ಚಿತ್ರಗಳೆಲ್ಲ ಫೋಟೋಗಳೇ, ಕಲಾವಿದ ಬರೆದವಲ್ಲ. ಹಕ್ಕಿಗಳಿಗೆ ಅನುಮಾನ ಬರಬಾರದೆಂದು ಈ ಸಹೋದರರು ಮಾಡದ ಉಪಾಯವಿಲ್ಲ. ಕೊನೆಗೆ ಒಂದು ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾದೊಡನೆ ಹೊಕ್ಕು ನಿಂತರು! ಒಮ್ಮೆ ಆ ಎತ್ತು ಒಳಗಿದ್ದ ರಿಚರ್ಡ್ ಸಮೇತ ಮಗುಚಿಕೊಂಡಿತಂತೆ. ನಮ್ಮ ಹಗಲುವೇಷದವರು ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಕೋವಿ ಹಿಡಿಯುತ್ತಿದ್ದ ಕೈಗೆ ಕ್ಯಾಮೆರಾ ಬಂದದ್ದು ದೊಡ್ಡ ಬದಲಾವಣೆ ನಿಜ. ಆದರೆ ಗೂಡಿನ ಬಳಿ ಹೋದ ಕ್ಯಾಮೆರಾ ನಿರಪರಾಧಿಯಲ್ಲ. ಇದನ್ನು ನಾನು ಬೇರೆಯವರ ಮೇಲೆ ಹೊರಿಸಬೇಕಾಗಿಲ್ಲ.

2008ರಲ್ಲಿ ನನ್ನ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡ ಹೊಸದು. ನಮ್ಮ ಹಿತ್ತಲ ದಾಸವಾಳದ ಗಿಡದಲ್ಲಿ ಸೂರಕ್ಕಿ ಗೂಡು ಕಟ್ಟಿತ್ತು. ಜೇಡರಬಲೆಯ ಎಳೆಗಳಿಂದ ನಾರು, ತೊಗಟೆಯ ಚೂರು, ಕಸಕಡ್ಡಿ ಹೆಣೆದು ತೂಗುಬಿಟ್ಟ ಪುಟ್ಟ ಚೀಲ. ಎದುರಿಗಿದ್ದರೂ ಒಣಗಿದ ಕಸವೆಂದೇ ಕಾಣುತ್ತದೆ. ಎರಡು ಮರಿಗಳಿದ್ದವು. ತಾಯಿ ಹಾರಿಬಂದು ಗುಟುಕು ಕೊಡುವ ಚಿತ್ರ ನನಗೆ ಬೇಕಾಗಿತ್ತು. ಎಲೆಗಳ ನೆರಳು ಅಡ್ಡ ಬರುತ್ತಿತ್ತು. ಒಂದು ರೆಂಬೆಯನ್ನು ನವಿರಾಗಿ ಹಿಂದಕ್ಕೆಳೆದು ದಾರದಿಂದ ಕಟ್ಟಿದೆ. ಅಂದು ಸಂಜೆಯ ಬೆಳಕಿನಲ್ಲಿ ಒಳ್ಳೆಯ ಚಿತ್ರಗಳು ಬಂದವು. ದಾರ ಬಿಚ್ಚುವುದನ್ನು ಮರೆತೆ. ಬೆಳಿಗ್ಗೆ ಅಮ್ಮ ಕರೆದು ತೋರಿಸಿದರು: ಗೂಡು ಹರಿದು ನೇತಾಡುತ್ತಿತ್ತು, ಕೆಂಬೂತವೊಂದು ಕಾಂಪೌಂಡಿನ ಮೇಲೆ ಕೂತಿತ್ತು. ತಾಯಿಹಕ್ಕಿ ಬಾಯಲ್ಲಿ ಹುಳು ಕಚ್ಚಿಕೊಂಡು ಎರಡು ದಿನ ಆ ಗಿಡಕ್ಕೆ ಬಂದು ಬಂದು ಹೋಯಿತು. ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಚಿತ್ರಗಳನ್ನು ನಾನು ಯಾರಿಗೂ ತೋರಿಸಿಲ್ಲ.

ಇಂದು ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗಳನ್ನು, ಗೂಡುಗಳನ್ನು ಕೆಡಿಸುವುದು ಮಾತ್ರವಲ್ಲ, ಅವುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಕ್ಯಾಮೆರಾ ಹಿಡಿದವರಲ್ಲಿ ಇದನ್ನು ತಿಳಿದವರು ಕಡಿಮೆ.

ಈಗ ಎರಡು ಮನೆಗಳಿಗೆ ಹೋಗೋಣ. ಒಂದು ಅಮೆರಿಕದಲ್ಲಿ, ಒಂದು ನಮ್ಮ ಕೊಂಕಣ ಕರಾವಳಿಯಲ್ಲಿ. ಎರಡಕ್ಕೂ ಬರ್ಲಿನ್ ನಗರದ ಮೂಲಕ ಒಂದು ನಂಟಿದೆ.

ಮಾರ್ಗರೆಟ್ ಮೋರ್ಸ್ ನೈಸ್ (1883–1974) ಪ್ರಾಣಿಶಾಸ್ತ್ರ ಓದಿ ಸ್ನಾತಕೋತ್ತರ ಪದವಿ ಪಡೆದವರು. ಮದುವೆಯಾಯಿತು, ಐದು ಹೆಣ್ಣುಮಕ್ಕಳಾದರು, ಕೆಲಸ ಸಿಗಲಿಲ್ಲ. ಪತಿಗೆ ಓಹಾಯೊ ರಾಜ್ಯದ ಕೊಲಂಬಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ಹುದ್ದೆ ದೊರೆತದ್ದರಿಂದ 1927ರಲ್ಲಿ ಕುಟುಂಬ ಅಲ್ಲಿಗೆ ಬಂತು. ಮನೆಯ ಬಳಿ ಒಂದು ನದಿ, ಎರಡು ಸೇತುವೆಗಳು, ನಡುವೆ ಪೊದೆ ಬೆಳೆದ ಪಾಳು ಜಾಗ. ಅಲ್ಲಿ ಸಾಂಗ್ ಸ್ಪ್ಯಾರೋ ಎಂಬ ಹಾಡುವ ಪುಟ್ಟ ಹಕ್ಕಿಗಳು. ಹೆಸರಿನಲ್ಲಿ ಸ್ಪ್ಯಾರೋ ಇದ್ದರೂ ನಮ್ಮ ಗುಬ್ಬಚ್ಚಿಗೂ ಅದಕ್ಕೂ ಸಂಬಂಧವಿಲ್ಲ. 1928ರಲ್ಲಿ ಆಕೆ ಆ ಹಕ್ಕಿಗಳನ್ನು ಹಿಡಿದು ಕಾಲಿಗೆ ಅಂಕಿಯುಳ್ಳ ಅಲ್ಯೂಮಿನಿಯಂ ಬಳೆಯನ್ನೂ ಬಣ್ಣದ ಬಳೆಗಳನ್ನೂ ತೊಡಿಸಿ ಬಿಡಲಾರಂಭಿಸಿದರು. ಬಣ್ಣಗಳ ಜೋಡಣೆ ಒಂದೊಂದಕ್ಕೂ ಬೇರೆ. ಅಷ್ಟೇ ಸಾಕಾಯಿತು. ‘ಒಂದು ಹಕ್ಕಿ’ ಎಂಬುದು ‘ಈ ಹಕ್ಕಿ’ ಆಯಿತು.

ಎಂಟು ವರ್ಷ ನೋಡಿದರು. ಯಾವ ಗಂಡು ವರ್ಷ ವರ್ಷ ಅದೇ ಪೊದೆಗೆ ಹಿಂದಿರುಗುತ್ತದೆ, ಪಕ್ಕದ ಗಂಡಿನೊಡನೆ ಗಡಿ ಜಗಳ ಹೇಗೆ ನಡೆಯುತ್ತದೆ, ಮರಿಗಳಲ್ಲಿ ಎಷ್ಟು ಉಳಿಯುತ್ತವೆ ಎಲ್ಲವನ್ನೂ ಬರೆದಿಟ್ಟರು. ‘4ಎಂ’ ಎಂದು ಅವರು ಕರೆಯುತ್ತಿದ್ದ ಒಂದು ಮುದಿ ಗಂಡುಹಕ್ಕಿ 1935ರ ಮೇ ತಿಂಗಳಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಬಾರಿ ಹಾಡಿತೆಂದು ಕೂತು ಎಣಿಸಿದರು. 2,305 ಬಾರಿ. ಮನೆಯಲ್ಲಿ ಅಡುಗೆ, ಮಕ್ಕಳು ಎಲ್ಲ ಇದ್ದೇ ಇತ್ತು. ತಮ್ಮನ್ನು ಗೃಹಿಣಿ ಎಂದು ಕರೆದರೆ ಆಕೆಗೆ ಹಿಡಿಸುತ್ತಿರಲಿಲ್ಲ. ತಾನು ತರಬೇತಿ ಪಡೆದ ಪ್ರಾಣಿಶಾಸ್ತ್ರಜ್ಞೆ ಎನ್ನುತ್ತಿದ್ದರು. 1932ರಲ್ಲಿ ಯೂರೋಪಿಗೆ ಹೋದಾಗ ಬರ್ಲಿನ್ನಿನ ಪಕ್ಷಿಶಾಸ್ತ್ರಜ್ಞ ಎರ್ವಿನ್ ಸ್ಟ್ರೆಸೆಮಾನ್ ಅವರನ್ನು ಕಂಡರು. ಅವರ ಸುದೀರ್ಘ ಪ್ರಬಂಧ ಮೊದಲು ಬೆಳಕು ಕಂಡದ್ದು ಸ್ಟ್ರೆಸೆಮಾನ್ ಅವರ ಜರ್ಮನ್ ಪತ್ರಿಕೆಯಲ್ಲಿ, 1933–34ರಲ್ಲಿ. ಅಮೆರಿಕದಲ್ಲಿ ಪೂರ್ಣ ಗ್ರಂಥದ ಎರಡು ಸಂಪುಟಗಳು 1937 ಮತ್ತು 1943ರಲ್ಲಿ ಬಂದವು. ಹಕ್ಕಿಯ ಜೀವನವನ್ನು ಅಭ್ಯಸಿಸುವ ಕ್ರಮವೇ ಆಮೇಲೆ ಬದಲಾಯಿತು.

ಆ ಸ್ಟ್ರೆಸೆಮಾನ್ ಅವರ ಬಳಿ ಅದಕ್ಕೆ ಸ್ವಲ್ಪ ಮೊದಲು, 1929–30ರಲ್ಲಿ, ಒಬ್ಬ ಭಾರತೀಯ ತರುಣ ಕಲಿತು ಬಂದಿದ್ದರು. ಅವರೇ ಸಲೀಂ ಅಲಿ (1896–1987). ಬಾಲ್ಯದಲ್ಲಿ ಏರ್‌ಗನ್ನಿನಿಂದ ಹಳದಿ ಕತ್ತಿನ ಗುಬ್ಬಚ್ಚಿಯೊಂದನ್ನು ಹೊಡೆದು, ಅದು ಯಾವ ಹಕ್ಕಿ ಎಂದು ಕೇಳಲು ಹೋಗಿ ಪಕ್ಷಿಶಾಸ್ತ್ರಕ್ಕೆ ಕಾಲಿಟ್ಟ ಅವರ ಕಥೆ ನಿಮಗೆ ಗೊತ್ತಿದ್ದೀತು. ಬರ್ಲಿನ್ನಿನಿಂದ ಹಿಂದಿರುಗಿದಾಗ ಮುಂಬಯಿಯಲ್ಲಿದ್ದ ಕೆಲಸವೇ ಇಲ್ಲವಾಗಿತ್ತು. ಬೇರೆ ದಾರಿ ಕಾಣದೆ ಪತ್ನಿ ತೆಹ್ಮಿನಾ ಅವರೊಡನೆ ಸಮುದ್ರ ತೀರದ ಕಿಹಿಮ್ ಎಂಬ ಹಳ್ಳಿಯ ಮನೆಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸವಿಲ್ಲದ ಆ ಮಳೆಗಾಲದಲ್ಲಿ ಸಲೀಂ ಅಲಿ ಮರೆ ಕಟ್ಟಿಕೊಂಡು ಅವುಗಳನ್ನು ನೋಡುತ್ತಾ ಕುಳಿತರು.

ಗೀಜಗನ ಗೂಡನ್ನು ನೋಡದವರು ಯಾರಿದ್ದಾರೆ? ಈಚಲ ಗರಿಗಳ ತುದಿಯಲ್ಲಿ ತೂಗಾಡುತ್ತಿರುತ್ತದೆ. ಆದರೆ ಗೂಡುಗಳಲ್ಲಿ ಕೆಲವು ಅರ್ಧಕ್ಕೇ ನಿಂತಿರುವುದೇಕೆ ಎಂಬುದಕ್ಕೆ ಬಗೆಬಗೆಯ ಊಹೆಗಳಿದ್ದವು. ಸಲೀಂ ಅಲಿ ಕಂಡದ್ದು ಇದು: ಕಟ್ಟುವುದು ಗಂಡು. ಅರ್ಧ ಕಟ್ಟಿ, ಟೋಪಿಯಂತೆ ಕಾಣುವಾಗ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಪ್ಪಿದರೆ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ; ಹೆಣ್ಣು ಮೊಟ್ಟೆಯಿಟ್ಟು ಕೂತ ಮೇಲೆ ತಾನು ಪಕ್ಕದಲ್ಲಿ ಮತ್ತೊಂದು ಗೂಡಿಗೆ ತೊಡಗಿ ಮತ್ತೊಬ್ಬಳನ್ನು ಕರೆಯುತ್ತದೆ. ಒಪ್ಪಿಗೆಯಾಗದ ಗೂಡು ಹಾಗೆಯೇ ಅರ್ಧಕ್ಕೆ ನಿಲ್ಲುತ್ತದೆ. ಮನೆ ನೋಡಿ ಒಪ್ಪಿದ ಮೇಲೆಯೇ ಮದುವೆ! ಈ ಸಂಶೋಧನೆ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೀಜಗ ನಮ್ಮ ದೇಶದಲ್ಲಿ ಹೊಸ ಹಕ್ಕಿಯೇನೂ ಅಲ್ಲ. ಸಾವಿರಾರು ವರ್ಷ ನೋಡಿದ್ದರೂ ದಿನವಿಡೀ ಕೂತು ನೋಡಿ ಬರೆದಿಟ್ಟವರಿರಲಿಲ್ಲ.

ಲೆನ್ ಹೊವಾರ್ಡ್ (1894–1973) ಎಂಬಾಕೆಯ ಕಥೆ ಸ್ವಲ್ಪ ವಿಚಿತ್ರ. ಆಕೆ ಲಂಡನ್ನಿನಲ್ಲಿ ವಿಯೋಲಾ ನುಡಿಸುತ್ತಿದ್ದ ಸಂಗೀತಗಾರ್ತಿ. 1938ರಲ್ಲಿ ಸಸೆಕ್ಸಿನ ಡಿಚ್ಲಿಂಗ್ ಹಳ್ಳಿಯಲ್ಲಿ ಮನೆ ಮಾಡಿಕೊಂಡು ಕಿಟಕಿಗಳನ್ನು ಹಕ್ಕಿಗಳಿಗಾಗಿ ತೆರೆದಿಟ್ಟರು. ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳು ಒಳಗೆ ಬಂದು ಅವರ ಕೈಮೇಲೆ, ಮೇಜಿನ ಮೇಲೆ ಕೂರುತ್ತಿದ್ದವು. ಅಪರಿಚಿತರು ಬಂದರೆ ಹಕ್ಕಿಗಳು ಹೆದರುತ್ತವೆಂದು ಅತಿಥಿಗಳನ್ನು ಬೇಡವೆನ್ನುತ್ತಿದ್ದರು. ಬಳೆ ತೊಡಿಸದೆಯೇ ಒಂದೊಂದನ್ನೂ ಮುಖಚಹರೆಯಿಂದ, ನಡೆನುಡಿಯಿಂದ ಗುರುತಿಸುತ್ತಿದ್ದರು. ಪಂಜರದಲ್ಲಿ ಹೆದರಿದ ಹಕ್ಕಿಯಿಂದ ಹಕ್ಕಿಯ ಬುದ್ಧಿಯನ್ನು ಅಳೆಯಲಾಗದು ಎಂಬುದು ಅವರ ವಾದ. 1952ರಲ್ಲಿ ಬಂದ ಅವರ ಮೊದಲ ಪುಸ್ತಕಕ್ಕೆ ಜೂಲಿಯನ್ ಹಕ್ಸ್‌ಲಿ ಮುನ್ನುಡಿ ಬರೆದರು. ಚಿತ್ರಗಳನ್ನು ತೆಗೆದವರು ಎರಿಕ್ ಹಾಸ್ಕಿಂಗ್ (1909–1991). 1937ರಲ್ಲಿ ಗೂಡಿನ ಬಳಿಯ ಮರೆಗೆ ಹತ್ತುವಾಗ ಗೂಬೆಯೊಂದು ಎರಗಿ ಒಂದು ಕಣ್ಣು ಕಳೆದುಕೊಂಡ ಛಾಯಾಗ್ರಾಹಕ ಇವರು. ಅಂಥವರಿಗೆ ಹೊವಾರ್ಡ್ ಮನೆಯಲ್ಲಿ ಮರೆ ಬೇಕಾಗಲಿಲ್ಲ. ಹಕ್ಕಿಯೇ ಮನೆಯೊಳಗೆ ಬರುತ್ತಿತ್ತು. ಹೊವಾರ್ಡ್ ಕಂಡದ್ದರಲ್ಲಿ ಎಷ್ಟು ವಿಜ್ಞಾನ, ಎಷ್ಟು ಮಮತೆ ಎಂದು ಪ್ರಶ್ನಿಸಬಹುದು. ನನಗೂ ಕೆಲವೆಡೆ ಅನುಮಾನವಿದೆ. ಆದರೆ ಪ್ರತಿ ಹಕ್ಕಿಯೂ ಬೇರೆ ಎಂಬ ಅವರ ಮಾತಿಗೆ ಈಗ ಯಾರೂ ನಗುವುದಿಲ್ಲ.

ನಮ್ಮಲ್ಲಿ ಮನೆಯಂಗಳದ ಹಕ್ಕಿಯ ಬಗ್ಗೆ ಬರೆದವರಿಗೆ ಒಂದು ವೇದಿಕೆ ದೊರೆತದ್ದು 1960ರ ಹೊತ್ತಿಗೆ. ಜಾಫರ್ ಫತೇಹಲ್ಲಿ ಆರಂಭಿಸಿದ ಪಕ್ಷಿವೀಕ್ಷಕರ ಪುಟ್ಟ ಇಂಗ್ಲಿಷ್ ಪತ್ರಿಕೆಯೇ ಆ ವೇದಿಕೆ. ಫತೇಹಲ್ಲಿ ಮುಂದೆ ಬಹಳ ವರ್ಷ ಬೆಂಗಳೂರಿನಲ್ಲಿಯೇ ಇದ್ದರು. ಡಾಕ್ಟರು, ಗುಮಾಸ್ತೆ, ಶಾಲಾ ಉಪಾಧ್ಯಾಯರು ತಮ್ಮ ಬಾಲ್ಕನಿಯಲ್ಲಿ ಕಂಡದ್ದನ್ನು ಅದಕ್ಕೆ ಬರೆಯುತ್ತಿದ್ದರು. ಮದರಾಸಿನ ಎಂ. ಕೃಷ್ಣನ್ (1912–1996) ಬಿಡಿಭಾಗಗಳಿಂದ ತಾವೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ ಕಪ್ಪು ಬಿಳುಪು ಚಿತ್ರ ತೆಗೆಯುತ್ತಾ, 1950ರಿಂದ ಕೊನೆಯವರೆಗೂ ಪತ್ರಿಕೆಯಲ್ಲಿ ಅಂಕಣ ಬರೆದರು. ಅದಕ್ಕೆ ಮೊದಲು ಅವರು ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಉದ್ಯೋಗಿಯಾಗಿದ್ದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ರಾತ್ರಿಯ ಜೀವಿಗಳ ಚಿತ್ರಗಳಿಂದ ಹೆಸರಾದರು. ಕನ್ನಡ ಓದುವ ಹುಡುಗರ ಕೈಗೆ ದುರ್ಬೀನು ಕೊಟ್ಟವರೆಂದರೆ ಪೂರ್ಣಚಂದ್ರ ತೇಜಸ್ವಿ (1938–2007). ಮೂಡಿಗೆರೆಯ ತಮ್ಮ ಕಾಫಿ ತೋಟದಲ್ಲಿ ಕ್ಯಾಮೆರಾ ಹಿಡಿದು ದಿನಗಟ್ಟಲೆ ಕಾದು, ಕಂಡದ್ದನ್ನು ಕನ್ನಡದಲ್ಲಿ ಬರೆದರು. ಪಿಕಳಾರ, ಮಡಿವಾಳ, ಮಿಂಚುಳ್ಳಿ ಎಂಬ ಹೆಸರುಗಳು ನನ್ನ ಬಾಯಿಗೆ ಬಂದದ್ದು ಅವರ ಪುಸ್ತಕಗಳಿಂದಲೇ. ಅದಕ್ಕೆ ಮುಂಚೆ ನನಗೆ ಗೊತ್ತಿದ್ದದ್ದು ಅಜ್ಜಿಯ ಕಾಗಕ್ಕ ಗುಬ್ಬಕ್ಕ ಮಾತ್ರ.

ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಎಷ್ಟು ಎಂದರೆ ಎಷ್ಟು?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಅದರ ಹಿಂದೆ ಒಂದು ದೂರದರ್ಶನ ಕಾರ್ಯಕ್ರಮವಿದೆ ಎಂಬುದು ನನ್ನಂಥವನಿಗೆ ಹೊಟ್ಟೆಕಿಚ್ಚಿನ ಸಂಗತಿ. 1979ರಲ್ಲಿ ಅಲ್ಲಿನ ಪಕ್ಷಿ ಸಂರಕ್ಷಣಾ ಸಂಘವು ತನ್ನ ಬಾಲ ಸದಸ್ಯರಿಗೆ ಚಳಿಗಾಲದಲ್ಲಿ ಏನಾದರೂ ಚಟುವಟಿಕೆ ಇರಲೆಂದು ಒಂದು ಯೋಜನೆ ಮಾಡಿತು. ಜನವರಿಯಲ್ಲಿ ಒಂದು ಗಂಟೆ ಕಿಟಕಿಯ ಬಳಿ ಕೂತು ಕೈತೋಟಕ್ಕೆ ಬರುವ ಹಕ್ಕಿಗಳನ್ನು ಎಣಿಸಬೇಕು. ಒಂದೇ ಹಕ್ಕಿ ಮತ್ತೆ ಮತ್ತೆ ಬಂದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಒಟ್ಟು ಎಷ್ಟು ಬಂದವು ಎಂದಲ್ಲ, ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ಕಂಡವು ಎಂದು ಬರೆಯಬೇಕು. ಬಿ.ಬಿ.ಸಿ.ಯ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಇದನ್ನು ಹೇಳಿದರು. ಬಂದ ಉತ್ತರಗಳು 34,000! ಆ ಎಣಿಕೆ ಈಗಲೂ ವರ್ಷವರ್ಷ ನಡೆಯುತ್ತಿದೆ, ದೊಡ್ಡವರೂ ಸೇರಿಕೊಂಡಿದ್ದಾರೆ. 1979ರಲ್ಲಿ ಒಂದು ಕೈತೋಟಕ್ಕೆ ಸರಾಸರಿ ಹತ್ತು ಗುಬ್ಬಚ್ಚಿಗಳಿದ್ದವು. ಇತ್ತೀಚಿನ ವರ್ಷಗಳಲ್ಲಿ ಅದು ನಾಲ್ಕರ ಆಸುಪಾಸಿಗೆ ಇಳಿದಿದೆ. ಆಗ ಹದಿನೈದಿದ್ದ ಸ್ಟಾರ್ಲಿಂಗ್ ಹಕ್ಕಿಗಳು ಅದಕ್ಕಿಂತಲೂ ಹೆಚ್ಚು ಕುಸಿದಿವೆ. ಶಾಲಾ ಮಕ್ಕಳ ಬಿಡುವಿನ ಆಟವೇ ಒಂದು ದೇಶದ ದಾಖಲೆಯಾಯಿತು.

ನಮ್ಮಲ್ಲಿ ಅಂಥ ಎಣಿಕೆ ತಡವಾಗಿ ಬಂತು. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ಗೆ, ಎಂದರೆ ಹಿತ್ತಲ ಹಕ್ಕಿಗಳ ಎಣಿಕೆಗೆ, ಭಾರತ ಸೇರಿದ್ದು 2013ರಲ್ಲಿ. ಫೆಬ್ರವರಿಯಲ್ಲಿ ನಾಲ್ಕು ದಿನ; ಕನಿಷ್ಠ ಹದಿನೈದು ನಿಮಿಷ ನೋಡಿ ಬರೆಯಬೇಕು. ಇಂಥ ಪಟ್ಟಿಗಳನ್ನೆಲ್ಲ ಕೂಡಿಸಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 2023ರ ವರದಿಯ ಹಿಂದೆ 30,000 ವೀಕ್ಷಕರ ಸುಮಾರು ಮೂರು ಕೋಟಿ ದಾಖಲೆಗಳಿವೆ. ಗುಬ್ಬಚ್ಚಿಯ ಬಗ್ಗೆ 2020ರ ವರದಿ ಹೇಳಿದ್ದು ನಮ್ಮ ಕಾರ್ಯಕ್ರಮದ ಹಿರಿಯರನ್ನು ಬೆರಗಾಗಿಸುವಂಥದ್ದು. ಇಡೀ ದೇಶವನ್ನು ತೆಗೆದುಕೊಂಡರೆ ಇಪ್ಪತ್ತೈದು ವರ್ಷಗಳಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಬೆಂಗಳೂರೂ ಸೇರಿ ಆರು ದೊಡ್ಡ ನಗರಗಳಲ್ಲಿ ಮಾತ್ರ ಕಡಿಮೆಯಾಗುತ್ತಿದೆ. ಮೊಬೈಲ್ ಗೋಪುರಗಳೇ ಕಾರಣ ಎಂದು ಜನ ಹೇಳುತ್ತಾರೆ; ಅದಕ್ಕೆ ಗಟ್ಟಿಯಾದ ಪುರಾವೆ ದೊರೆತಿಲ್ಲ. ಹಂಚಿನ ಸಂದಿಗಳು ಹೋಗಿ ತಾರಸಿ ಬಂದದ್ದು, ಮರಿಗಳಿಗೆ ಬೇಕಾದ ಹುಳುಹುಪ್ಪಟೆಗಳು ಇಲ್ಲವಾದದ್ದು ನಮ್ಮ ಬೀದಿಯಲ್ಲಿ ನನ್ನ ಕಣ್ಣಿಗೇ ಕಂಡಿವೆ. ಆದರೆ ಕಂಡದ್ದು ಬೇರೆ, ಅಳೆದದ್ದು ಬೇರೆ. 1985ಕ್ಕೂ ಇಂದಿಗೂ ನಡುವೆ ನಮ್ಮ ಬೀದಿಯಲ್ಲಿ ಏನಾಯಿತೆಂದು ಯಾವ ವರದಿಯೂ ಇನ್ನು ಹೇಳಲಾರದು. ಆ ಪುಟಗಳು ಖಾಲಿಯಾಗಿಯೇ ಉಳಿಯುತ್ತವೆ.

ಕಾರ್ಯಕ್ರಮದ ಮರುವಾರ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ನಿಮ್ಮಲ್ಲಿ ಯಾರಿಗಾದರೂ ಮನಸ್ಸಿದ್ದರೆ ಕ್ರಮ ಹೀಗೆ: ತಾರೀಖು, ಗಂಟೆ, ಎಷ್ಟು ನಿಮಿಷ ನೋಡಿದ್ದು, ಒಮ್ಮೆಗೆ ಹೆಚ್ಚೆಂದರೆ ಎಷ್ಟು ಕಂಡಿತು. ಒಂದೂ ಕಾಣದ ದಿನ ಸೊನ್ನೆ ಎಂದೇ ಬರೆಯಬೇಕು, ಪುಟ ಹಾರಿಸಬಾರದು. ಫೋಟೋ ತೆಗೆದರೆ ಕಿಟಕಿಯಿಂದಲೇ, ಗೂಡಿರುವ ಗಿಡದ ಕಡೆಗೆ ತಿರುಗಿಸದೆ. ಕ್ಯಾಮೆರಾದ ಗಡಿಯಾರ ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೊಬೈಲಿನ ಚಿತ್ರವಾದರೂ ಅಡ್ಡಿಯಿಲ್ಲ, ಹಕ್ಕಿ ಸಾಸಿವೆಯಷ್ಟೇ ಕಂಡರೂ ಸರಿ.

ನನ್ನ ಪುಸ್ತಕದಲ್ಲಿ ಪಿಕಳಾರ ಎರಡು, ಮೈನಾ ನಾಲ್ಕು, ಸೂರಕ್ಕಿ ಒಂದು ಜೋಡಿ ಎಂದು ಸಾಲು ಸಾಲಾಗಿ ತುಂಬುತ್ತಿದೆ. ಗುಬ್ಬಚ್ಚಿಯ ಕಲಮಿನಲ್ಲಿ ಬಹುತೇಕ ಸೊನ್ನೆಗಳು. ಒಂದು ಬೆಳಿಗ್ಗೆ ಮಾತ್ರ, 6.50ಕ್ಕೆ, ಪಕ್ಕದ ಮನೆಯವರು ಹೊಸ್ತಿಲ ಬಳಿ ರಾಗಿ ಕೇರುತ್ತಿದ್ದಾಗ, ಕಾಂಪೌಂಡಿನ ಮೇಲೆ ಮೂರು ಎಂದಿದೆ.